ಗಾಳಿಗೆ ಶೀಟ್ ಹಾರ್ಹೋಗಿದೆ, ಸರ್ವೇಯರ್ ಬರೋವರೆಗೂ ಏನೂ ಮುಟ್ಬಾರ್ದಾ?

ಪ್ರಶ್ನೆ:
ನಿನ್ನೆ ರಾತ್ರಿ ಗಾಳಿಗೆ ಮೇಲಿನ ನಾಲ್ಕು ಶೀಟ್ ಕಿತ್ಕೊಂಡ್ ಹೋಗಿದೆ, ನೀರೆಲ್ಲ ಒಳಗೆ. ಹಾಲಿನ ಜಿಪ್ಸಮ್ ಸೀಲಿಂಗ್ ಜೋಳಿಗೆ ತರ ಜೋತು ಬಿದ್ದಿದೆ, ಲೈಟ್ ಕೂರಿಸಿರೋ ತೂತಿಂದ ತೊಟ್ಟಿಕ್ತಾನೇ ಇದೆ. ಇನ್ಶೂರೆನ್ಸ್ ಇದೆ, ಫೋನ್ ಮಾಡಿದ್ರೆ ಸರ್ವೇಯರ್ ಬರೋಕೆ ಮೂರು ದಿನ ಆಗತ್ತಂತೆ. ಅಣ್ಣ ಬೇರೆ ಏನೂ ಮುಟ್ಬೇಡ ಕ್ಲೇಮ್ ಹೋಗತ್ತೆ ಅಂತಿದಾನೆ, ಇತ್ತ ನೋಡಿದ್ರೆ ಮತ್ತೆ ಮೋಡ ಕಟ್ತಾ ಇದೆ. ಏನ್ ಮಾಡ್ಲಿ?

ಉತ್ತರ 1:
ಕ್ಲೇಮ್ ಆಮೇಲೆ, ಮೇನ್ ಸ್ವಿಚ್ ಆಫ್ ಮಾಡಿದೀರಾ? ಲೈಟಿನ ತೂತಿಂದ ಬರ್ತಿದೆ ಅಂದ್ರೆ ವೈರಿಂಗ್ ಪೈಪಲ್ಲೂ ನೀರು ಇಳಿದಿರಬಹುದು. ಬೋರ್ಡ್ ಹತ್ರ ನೆಲ ಒದ್ದೆ ಇದ್ರೆ ನೀವು ಹೋಗ್ಲೇಬೇಡಿ, ಕರೆಂಟಿನವರಿಗೆ ಹೇಳಿ ಹೊರಗಿಂದ ಕಟ್ ಮಾಡ್ಸಿ. ವಾಪಸ್ ಆನ್ ಮಾಡೋ ಮುಂಚೆ ಎಲೆಕ್ಟ್ರಿಷಿಯನ್ ಹತ್ರ ಮೆಗ್ಗರ್ (ವೈರಿನ ಇನ್ಸುಲೇಷನ್ ಸರಿ ಇದೆಯಾ ಅಂತ ನೋಡೋ ಮೀಟರ್) ಹಾಕ್ಸಿ ನೋಡ್ಸಿ, ಬರೀ ಟೆಸ್ಟರ್ ಚುಚ್ಚಿ ಸರಿ ಇದೆ ಅಂದ್ರೆ ಒಪ್ಕೋಬೇಡಿ.

ಉತ್ತರ 2:
ನಿಮ್ಮಣ್ಣ ಹೇಳಿದ್ದು ಅರ್ಧ ಸರಿ ಅಷ್ಟೆ. ರಿಪೇರಿ ಮಾಡ್ಬಾರ್ದು ನಿಜ, ಆದ್ರೆ ಹಾನಿ ಇನ್ನೂ ಹೆಚ್ಚಾಗದಂಗೆ ನೋಡ್ಕೊಳ್ಳೋದು ನಿಮ್ಮ ಜವಾಬ್ದಾರಿ ಅಂತ ಸಾಮಾನ್ಯವಾಗಿ ಪಾಲಿಸಿಲೇ ಬರ್ದಿರತ್ತೆ, ಒಂದ್ಸಲ ತೆಗೆದು ಓದಿ. ಮೊದ್ಲು ಫೋಟೋ, ವಿಡಿಯೋ, ದೂರದಿಂದ ಇಡೀ ರೂಮು, ಆಮೇಲೆ ಹತ್ರದಿಂದ ಒಂದೊಂದೂ, ಟಿವಿ ಹಿಂದಿನ ಸೀರಿಯಲ್ ನಂಬರ್ ಸಮೇತ. ಟಾರ್ಪಾಲಿಂದ ಹಿಡಿದು ಕೂಲಿವರೆಗೂ ಬಿಲ್ ಇಟ್ಕೊಳ್ಳಿ. ಹಾರಿದ ಶೀಟನ್ನೂ ಬಿಸಾಕ್ಬೇಡಿ. ನಾನು ನಾರೋ ಕಾರ್ಪೆಟ್ ತಡ್ಕೊಳಕಾಗದೆ ಎಸೆದು, ಆಮೇಲೆ ಸರ್ವೇಯರ್ ಎಲ್ರೀ ಕಾರ್ಪೆಟ್ ಅಂದಾಗ ಬಾಯ್ಬಾಯಿ ಬಿಟ್ಟಿದ್ದೆ, ಒಂದು ತುಂಡಾದ್ರೂ ಕತ್ತರಿಸಿ ಇಟ್ಕೋಬೇಕಿತ್ತು. ಒದ್ದೆ ಬಟ್ಟೆ, ಹಾಸಿಗೆ ಮೂರು ದಿನ ಹಂಗೇ ಬಿಟ್ರೆ ಬೂಷ್ಟು ಗ್ಯಾರಂಟಿ, 24ರಿಂದ 48 ಗಂಟೇಲೇ ಶುರುವಾಗತ್ತೆ.

ಉತ್ತರ 3:
ಆ ಸೀಲಿಂಗ್ ಅಡಿ ಯಾರೂ ಓಡಾಡ್ಬೇಡಿ, ನೀರು ತುಂಬಿದ ಜಿಪ್ಸಮ್ ಒಂದೇ ಸಲ ಕುಸಿಯತ್ತೆ. ಕರೆಂಟ್ ಪೂರ್ತಿ ಹೋಗಿದೆ ಅಂತ ಖಾತ್ರಿ ಆದ್ಮೇಲೆ, ಅಡಿಗೆ ಬಕೆಟ್ ಇಟ್ಟು, ಪಕ್ಕಕ್ಕೆ ನಿಂತು ಉದ್ದ ಕೋಲಿನ ತುದಿಗೆ ಮೊಳೆ ಕಟ್ಟಿ ಉಬ್ಬಿರೋ ಜಾಗಕ್ಕೆ ಒಂದು ಸಣ್ಣ ತೂತು ಮಾಡಿ. ತುಂಬಾ ಇಳಿಬಿದ್ದಿದ್ರೆ ಅದೂ ಬೇಡ, ಬಾಗಿಲು ಹಾಕ್ಕೊಂಡು ದೂರ ಇರಿ.

ಟಾರ್ಪಾಲ್ ಮೇಲೆ ಕಲ್ಲು ಹೇರಬೇಡಿ, ಗಾಳಿ ಅಡಿಗೆ ನುಗ್ಗಿದ್ರೆ ಆ ಕಲ್ಲೇ ಯಾರದೋ ತಲೆ ಮೇಲೆ ಬೀಳತ್ತೆ. ಅಂಚನ್ನ ಮರದ ಪಟ್ಟಿಗೆ ಎರಡು ಸುತ್ತು ಸುತ್ತಿ ಸ್ಕ್ರೂ ಹೊಡಿಸಿ, ಮೇಲಿನ ತುದಿ ಛಾವಣಿಯ ನೆತ್ತಿ ದಾಟಿ ಆಚೆ ಕಡೆಗೂ ಇಳಿದಿರ್ಬೇಕು, ಇಲ್ದಿದ್ರೆ ನೀರು ಟಾರ್ಪಾಲ್ ಅಡಿಯಿಂದಾನೇ ಹರಿಯತ್ತೆ. ಒದ್ದೆ ಶೀಟ್ ಮೇಲೆ ನೀವೇ ಹತ್ತೋ ಸಾಹಸ ಬೇಡ. ಅಂದಹಾಗೆ ಹಳೇ ಆಸ್ಬೆಸ್ಟಾಸಾ? ಹಾಗಿದ್ರೆ ಚೂರುಗಳನ್ನ ಒಣಗಿದ್ದಾಗ ಗುಡಿಸ್ಬೇಡಿ.

ಪ್ರಶ್ನೆ ಕೇಳಿದವರು:
ಆಸ್ಬೆಸ್ಟಾಸ್ ಅಲ್ಲ, ತಗಡು. ಮೇನ್ ಆಫ್ ಮಾಡಿ, ವಿಡಿಯೋ ಮಾಡ್ಕೊಂಡು ತೂತು ಮಾಡಿದ್ವಿ, ಎರಡು ಬಕೆಟ್ ಮೇಲೆ ನೀರು ಬಂತು, ಬಣ್ಣ ಮಾತ್ರ ಟೀ ಡಿಕಾಕ್ಷನ್ ಥರ. ಟಾರ್ಪಾಲ್ ಹಾಕೋರು ಸಂಜೆಗೆ ಬರ್ತಾರಂತೆ. ಮುಟ್ಬೇಡ ಅಂದಿದ್ದ ಅಣ್ಣನೇ ಈಗ ಹಾಸಿಗೆ ಹೊತ್ತು ಹಾಕ್ತಿದಾನೆ.