ಕೌಂಟಿಯ ಯಾವುದೇ ಮತಗಟ್ಟೆಯಲ್ಲಿ ಮತ: ಎರಡು ಸಲ ಹಾಕಿದರೆ ತಿಳಿಯುವುದು ಹೇಗೆ?

ಪ್ರಶ್ನೆ

ಟೆಕ್ಸಾಸ್‌ನ ನಮ್ಮ ಕೌಂಟಿಯಲ್ಲಿ (ಅಮೆರಿಕದ ರಾಜ್ಯಗಳಲ್ಲಿ ಜಿಲ್ಲೆಯಂಥ ಆಡಳಿತ ಘಟಕ) ಮತದಾರರು ಯಾವ ಮತಗಟ್ಟೆಗೆ ಹೋದರೂ ಮತ ಹಾಕಬಹುದು. ಮನೆಯಿಂದ ಮೂವತ್ತು ಮೈಲಿ ದೂರದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇದು ದೊಡ್ಡ ಅನುಕೂಲ. ಆದರೆ ಬೆಳಿಗ್ಗೆ ಮನೆಯ ಹತ್ತಿರ ಮತ ಹಾಕಿದವರು ಸಂಜೆ ಕಚೇರಿಯ ಹತ್ತಿರ ಮತ್ತೊಮ್ಮೆ ಹಾಕಲು ಬಂದರೆ ಅಲ್ಲಿಯವರಿಗೆ ಗೊತ್ತಾಗುವುದು ಹೇಗೆ? ನಮ್ಮ ಬಡಾವಣೆಯ ಶಾಲಾ ಮಂಡಳಿಯ ಅಭ್ಯರ್ಥಿಗಳ ಹೆಸರಿರುವ ಮತಪತ್ರ ಕೌಂಟಿಯ ಇನ್ನೊಂದು ತುದಿಯಲ್ಲಿ ಸಿಗುತ್ತದೆಯೇ?

ಉತ್ತರ 1

ಸಿಗುತ್ತದೆ. ಎರಡು ಚುನಾವಣೆಗಳಲ್ಲಿ ಮತಗಟ್ಟೆಯ ಸಿಬ್ಬಂದಿಯಾಗಿ ಕುಳಿತವನಾದ್ದರಿಂದ ಕಂಡದ್ದನ್ನೇ ಹೇಳುತ್ತೇನೆ. ಎಲ್ಲ ಮತಗಟ್ಟೆಗಳ ಟ್ಯಾಬ್ಲೆಟ್‌ಗಳಲ್ಲಿರುವುದು ಪರಸ್ಪರ ಜೋಡಿಸಿದ ಒಂದೇ ಮತದಾರರ ಪಟ್ಟಿ. ನಿಮ್ಮ ಗುರುತಿನ ಚೀಟಿಯನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಸಹಿ ಪಡೆದ ಸ್ವಲ್ಪ ಹೊತ್ತಿನಲ್ಲೇ ನೀವು ಬಂದಿರುವುದು ಉಳಿದ ಮತಗಟ್ಟೆಗಳಲ್ಲೂ ಕಾಣಿಸುತ್ತದೆ; ಮತಪತ್ರವಾದರೋ ನಿಮ್ಮ ವಿಳಾಸಕ್ಕೆ ತಕ್ಕಂತೆ ಅಲ್ಲೇ ಸಿದ್ಧವಾಗುತ್ತದೆ. ಕೊಲೊರಾಡೊದ ಲ್ಯಾರಿಮರ್ ಕೌಂಟಿ 2003ರಲ್ಲೇ ಈ ಪದ್ಧತಿಯನ್ನು ಆರಂಭಿಸಿತು. ಟೆಕ್ಸಾಸ್‌ನಲ್ಲಿ 2006ರಲ್ಲಿ ಲಬಕ್ ಕೌಂಟಿ ಪ್ರಯೋಗ ಮಾಡಿತು. ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿ ಒಪ್ಪಿಕೊಂಡದ್ದು 2019ರಲ್ಲಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ಆ ಜೋಡಣೆಯೇ ಕೈಕೊಟ್ಟರೆ ಇಡೀ ಕೌಂಟಿ ಒಟ್ಟಿಗೆ ನಿಂತುಬಿಡುತ್ತದೆ. 2006ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಆದದ್ದು ಇದೇ: ಮತದಾರರ ಪಟ್ಟಿಯ ತಂತ್ರಾಂಶ ಕುಸಿದು, ಜನ ಗಂಟೆಗಟ್ಟಲೆ ಸಾಲಿನಲ್ಲಿ ಕಾಯಬೇಕಾಯಿತು, ಬೇಸತ್ತು ಮತ ಹಾಕದೆ ಮರಳಿದವರೂ ಬಹಳ. 2022ರಲ್ಲಿ ಅರಿಜೋನಾದ ಮಾರಿಕೋಪಾ ಕೌಂಟಿಯ 223 ಮತಗಟ್ಟೆಗಳ ಪೈಕಿ ಹಲವೆಡೆ ಪ್ರಿಂಟರ್‌ಗಳು ಮತಪತ್ರವನ್ನು ತೀರಾ ಮಸುಕಾಗಿ ಮುದ್ರಿಸಿದ್ದರಿಂದ ಎಣಿಕೆಯ ಯಂತ್ರಗಳು ಅವನ್ನು ಓದಲಿಲ್ಲ. ಬೇರೆ ಮತಗಟ್ಟೆಗೆ ಹೋಗಬಹುದೆಂದು ಹೇಳಿದ್ದರೂ ಅದರಲ್ಲೊಂದು ಸೂಕ್ಷ್ಮವಿತ್ತು. ಮೊದಲನೆಯ ಕಡೆ ತಮ್ಮ ಹಾಜರಿಯನ್ನು ರದ್ದು ಮಾಡಿಸದೆ ಹೊರಟವರು ಪಟ್ಟಿಯಲ್ಲಿ ಆಗಲೇ ಮತ ಹಾಕಿದವರಂತೆ ಕಾಣುತ್ತಿದ್ದರು. ಅಂಥವರಿಗೆ ಎರಡನೆಯ ಕಡೆ ದೊರೆಯುತ್ತಿದ್ದುದು ಪರಿಶೀಲನೆಯ ನಂತರವಷ್ಟೇ ಎಣಿಕೆಗೆ ಬರುವ ತಾತ್ಕಾಲಿಕ ಮತಪತ್ರ. ಎರಡು ಸಲ ಹಾಕುವವರನ್ನು ತಡೆಯುವ ಬೇಲಿಯೇ ಪ್ರಾಮಾಣಿಕರಿಗೂ ಅಡ್ಡವಾಯಿತು.

ಉತ್ತರ 3

ಹಾಗೆಂದು ಹಳೆಯ ಪದ್ಧತಿ ನಿರಪಾಯವೆಂದು ಯಾರೂ ಭಾವಿಸಬೇಕಿಲ್ಲ. ಅದೇ ಅರಿಜೋನಾದಲ್ಲಿ, ನಿಗದಿತ ಮತಗಟ್ಟೆಯ ಪದ್ಧತಿಯಿದ್ದ ಕೌಂಟಿಗಳಲ್ಲಿ ತಪ್ಪು ಮತಗಟ್ಟೆಯಲ್ಲಿ ಹಾಕಿದ ಮತಪತ್ರವನ್ನು ಪೂರ್ತಿಯಾಗಿ ತಿರಸ್ಕರಿಸುತ್ತಿದ್ದರು. ರಾಜ್ಯದಾದ್ಯಂತ ಒಂದೇ ಆಗಿರುವ ಅಧ್ಯಕ್ಷ ಸ್ಥಾನದ ಮತವೂ ಅದರೊಡನೆ ಹೋಗುತ್ತಿತ್ತು. ಈ ನಿಯಮವನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ರಸ್ತೆಯ ಆಚೆ ಬದಿಯ ಶಾಲೆಗೆ ಹೋಗುವ ಬದಲು ಈಚೆ ಬದಿಯ ಚರ್ಚ್‌ಗೆ ಹೋದದ್ದಕ್ಕೆ ಇಷ್ಟು ದಂಡ ಹೆಚ್ಚೆಂಬುದು ನನ್ನ ಅಭಿಪ್ರಾಯ.

ನನ್ನ ಚಿಂತೆ ಯಂತ್ರಗಳಿಗಿಂತ ಹಂಚಿಕೆಯದು. ಎಲ್ಲಿ ಬೇಕಾದರೂ ಹಾಕಬಹುದೆಂದಾಗ ಯಾವ ಮತಗಟ್ಟೆಗೆ ಎಷ್ಟು ಜನ ಬರುತ್ತಾರೆಂದು ಮುಂದಾಗಿ ಅಂದಾಜಿಸುವುದು ಕಷ್ಟ. ಪಕ್ಷಗಳು ತಮ್ಮ ಅಭ್ಯರ್ಥಿಗಳನ್ನು ಆರಿಸುವ 2020ರ ಮಾರ್ಚ್ 3ರ ಪ್ರಾಥಮಿಕ ಚುನಾವಣೆಯಲ್ಲಿ ಹ್ಯೂಸ್ಟನ್‌ನ ಟೆಕ್ಸಾಸ್ ಸದರ್ನ್ ವಿಶ್ವವಿದ್ಯಾಲಯದ ಮತಗಟ್ಟೆಯಲ್ಲಿ ಸಂಜೆ ಏಳಕ್ಕೆ ಬಾಗಿಲು ಮುಚ್ಚಿದ ಮೇಲೂ ಸಾಲು ಕರಗಲಿಲ್ಲ. ಕೊನೆಯವರು ಮತ ಹಾಕಿದಾಗ ರಾತ್ರಿ ಒಂದು ಗಂಟೆ ದಾಟಿತ್ತು. ಎರಡು ಪಕ್ಷಗಳಿಗೂ ಸಮನಾಗಿ ಯಂತ್ರಗಳನ್ನು ಹಂಚಿದ್ದರಿಂದ ಡೆಮಾಕ್ರಟಿಕ್ ಸಾಲು ಬೆಳೆಯುತ್ತಿದ್ದಾಗ ರಿಪಬ್ಲಿಕನ್ ಯಂತ್ರಗಳು ಬಿಡುವಾಗಿದ್ದವು. ಆದ್ದರಿಂದ ಸಂಜೆ ಕಚೇರಿಯ ಹತ್ತಿರ ಮತ ಹಾಕುವ ಯೋಚನೆಯಿದ್ದರೆ, ಯಾವ ಮತಗಟ್ಟೆಯಲ್ಲಿ ಎಷ್ಟು ಹೊತ್ತು ಕಾಯಬೇಕೆಂಬುದನ್ನು ನಿಮ್ಮ ಕೌಂಟಿಯು ಜಾಲತಾಣದಲ್ಲಿ ತೋರಿಸುತ್ತದೆಯೇ ಎಂದು ಹೊರಡುವ ಮುಂಚೆಯೇ ನೋಡಿಕೊಳ್ಳಿ.