ಅಪ್‌ಡೇಟ್: ಸೇನೆಯಲ್ಲಿದ್ದುಕೊಂಡೇ ಪದವಿ, ಕೊನೆಗೆ ಇಗ್ನೋ ಸೇರಿದೆ

ಸೇನೆಯಲ್ಲಿದ್ದುಕೊಂಡೇ ಪದವಿ ಓದಲು ಖಾಸಗಿ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಬಿ.ಕಾಂ. ಸೇರಲೇ ಅಥವಾ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ದೂರಶಿಕ್ಷಣ ಆರಿಸಲೇ ಎಂದು ನಾಲ್ಕು ತಿಂಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.

ನೀವು ಸೂಚಿಸಿದಂತೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ದೂರಶಿಕ್ಷಣ ಬ್ಯೂರೋದ ಪಟ್ಟಿಯನ್ನು ಮೊದಲು ನೋಡಿದೆ. ಎರಡಕ್ಕೂ ಮಾನ್ಯತೆಯಿತ್ತು, ಮತ್ತು 2020ರ ನಿಯಮಾವಳಿಯಂತೆ ಇಂತಹ ಪದವಿ ರೆಗ್ಯುಲರ್ ಪದವಿಗೆ ಸಮಾನವಾದ್ದರಿಂದ ಪದವಿಗೆ ಬೆಲೆ ಸಿಗುತ್ತದೋ ಇಲ್ಲವೋ ಎಂಬ ಆತಂಕ ಅಲ್ಲಿಗೇ ಮುಗಿಯಿತು. ಉಳಿದದ್ದು ಸಮಯದ ಪ್ರಶ್ನೆ. ಖಾಸಗಿ ಸಂಸ್ಥೆಯ ಪರೀಕ್ಷೆಗೆ ಕ್ಯಾಮೆರಾದ ಮುಂದೆ ಕುಳಿತಷ್ಟು ಹೊತ್ತೂ ಇಂಟರ್ನೆಟ್ ಕಡಿಯಬಾರದು. ನಮ್ಮ ಠಾಣೆಯಲ್ಲಾದರೆ ಮನೆಗೆ ಫೋನ್ ಮಾಡುವುದಕ್ಕೂ ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಪಕ್ಕ ನಿಲ್ಲಬೇಕು. ಇಗ್ನೋದಲ್ಲಿ ಮೂರು ವರ್ಷಗಳ ಪದವಿಯನ್ನು ಮುಗಿಸಲು 6 ವರ್ಷಗಳ ಅವಕಾಶವಿದೆ, ಜೂನ್‌ನಲ್ಲಿ ತಪ್ಪಿದ ಪರೀಕ್ಷೆಯನ್ನು ಡಿಸೆಂಬರ್‌ನಲ್ಲಿ ಬರೆಯಬಹುದು. ಕರ್ತವ್ಯದ ಕರೆ ಯಾವಾಗ ಬರುವುದೆಂದು ತಿಳಿಯದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರಿಲ್ಲ.

ಕಮಾಂಡಿಂಗ್ ಅಧಿಕಾರಿಯವರಿಂದ ಲಿಖಿತ ಅನುಮತಿ ಪಡೆದ ನಂತರವೇ ಶುಲ್ಕ ಕಟ್ಟಿದೆ. ನೀವೂ ಹಾಗೆಯೇ ಮಾಡಿ.

ಮುದ್ರಿತ ಪಠ್ಯಗಳು ಉಡುಪಿಯ ಮನೆಗೆ ಬಂದಿವೆ. ಅಮ್ಮ ಒಂದೊಂದಕ್ಕೂ ಹಳೆಯ ಉದಯವಾಣಿಯ ಹಾಳೆಯಿಂದ ಬೈಂಡು ಹಾಕಿ, ನನ್ನ ಹೆಸರು ಬರೆದು, ಟ್ರಂಕಿನಲ್ಲಿ ಸಮವಸ್ತ್ರದ ಕೆಳಗೆ ಜೋಡಿಸಿಟ್ಟಿದ್ದಾರೆ. ನಾಡಿದ್ದು ಹೊರಡುತ್ತೇನೆ.