ಗಾಡಿ ಎಳೆಯುತ್ತಿಲ್ಲವೆಂದು ಕೂಡಲೇ ಇಂಜಿನ್ ಬಿಚ್ಚಿಸಬೇಡಿ

ಚಿಕ್ಕಪ್ಪ, ನಮಸ್ಕಾರ. ನೀವು ನಿನ್ನೆ ಗುಂಪಿನಲ್ಲಿ ಹಾಕಿದ ಸಂದೇಶವನ್ನು ಪೂರ್ತಿ ಕೇಳಿದೆ. ನಿಮ್ಮ 2010ರ ಡೀಸೆಲ್ ಸ್ವಿಫ್ಟ್ ಎರಡು ಲಕ್ಷ ಕಿಲೋಮೀಟರ್ ದಾಟಿದೆ, ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ಎಳೆಯದೆ ಎರಡಕ್ಕೆ ಇಳಿಸಬೇಕಾಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕಪ್ಪು ಹೊಗೆ ಏಳುತ್ತದೆ, ಗ್ಯಾರೇಜಿನವರು ಇಂಜಿನ್ ಇಳಿಸಿ ಪಿಸ್ಟನ್, ರಿಂಗ್ ಬದಲಿಸಬೇಕೆಂದಿದ್ದಾರೆ ಎಂದಿರಿ. ಇಷ್ಟು ವರ್ಷ ಡೀಸೆಲ್ ಗಾಡಿಗಳ ಕೆಲಸ ಮಾಡಿದ ನಾನು ಕೇಳಿಕೊಳ್ಳುವುದಿಷ್ಟೇ: ಆ ಕೆಲಸಕ್ಕೆ ಈಗಲೇ ಒಪ್ಪಬೇಡಿ.

ಕಪ್ಪು ಹೊಗೆ ಬರುತ್ತಿದೆಯೆಂದರೆ ಡೀಸೆಲ್ ಬೀಳುತ್ತಿದೆ, ಆದರೆ ಅದನ್ನು ಪೂರ್ತಿ ಉರಿಸುವಷ್ಟು ಗಾಳಿ ಸಿಗುತ್ತಿಲ್ಲ ಎಂದೇ ಮೊದಲು ಅನುಮಾನಿಸಬೇಕು. ರಿಂಗ್ ಸವೆದಿದ್ದರೆ ಸಾಮಾನ್ಯವಾಗಿ ಹೊಗೆ ನೀಲಿ ಇರುತ್ತಿತ್ತು, ಆಯಿಲ್ ಇಳಿಯುತ್ತಿತ್ತು, ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗಲು ಒದ್ದಾಡುತ್ತಿತ್ತು. ನಿಮ್ಮ ಗಾಡಿ ಕೀ ತಿರುಗಿಸಿದ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಎರಡು ಸರ್ವಿಸುಗಳ ನಡುವೆ ಆಯಿಲ್ ಸೇರಿಸಿಲ್ಲ ಎಂದು ನೀವೇ ಹೇಳಿದ್ದೀರಿ. ಆದರೂ ಸಮಾಧಾನಕ್ಕಾಗಿ, ಇಂಜಿನ್ ಬಿಸಿಯಾದ ಮೇಲೆ ಐಡಲಿನಲ್ಲಿಟ್ಟು ಆಯಿಲ್ ಹಾಕುವ ಮುಚ್ಚಳವನ್ನು ಜಾಗ್ರತೆಯಿಂದ ತೆಗೆದು ನೋಡಿ. ತೆಳ್ಳಗೆ ಆವಿ ಬಂದರೆ ಚಿಂತೆಯಿಲ್ಲ. ದಪ್ಪ ಹೊಗೆ ಬುಸುಬುಸು ಎಂದು ನುಗ್ಗಿದರೆ ಮಾತ್ರ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತಲ್ಪಡುವ ಬಲವನ್ನು ಅಳೆಸಬೇಕು, ಅದನ್ನೂ ಇಂಜಿನ್ ಬಿಚ್ಚುವ ಮೊದಲೇ ಅಳೆಯಬಹುದು.

1248 ಸಿಸಿಯ ಈ ಇಂಜಿನ್ 2000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್ ಕೊಡುವುದು ಟರ್ಬೊ ಒತ್ತಿ ತುಂಬುವ ಗಾಳಿಯ ಬಲದಿಂದ. ಆ ಗಾಳಿ ದಾರಿಯಲ್ಲಿ ಸೋರಿದರೆ ಘಾಟಿಯಲ್ಲಿ ಉಸಿರು ಕಟ್ಟುವುದು ಸಹಜ. ಆದ್ದರಿಂದ ಏರ್ ಫಿಲ್ಟರ್ ನೋಡಿದ ಮೇಲೆ, ಟರ್ಬೊದಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸಿನ ಮೇಲೆ ಗಮನವಿಡಿ. ಹಳೆಯ ಹೋಸಿನ ಸೀಳು ನಿಂತ ಗಾಡಿಯಲ್ಲಿ ಮುಚ್ಚಿಕೊಂಡೇ ಇರುತ್ತದೆ, ಒತ್ತಡ ಬಿದ್ದಾಗಲಷ್ಟೇ ಬಾಯಿ ಬಿಡುತ್ತದೆ. ಹಾಗಾಗಿ ಬರಿಗಣ್ಣಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಹೋಸನ್ನೂ ಕ್ಲಾಂಪುಗಳನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿ, ಒಮ್ಮೆ ಏರಿನಲ್ಲಿ ಓಡಿಸಿ ಬಂದು, ಇಂಜಿನ್ ಆರಿಸಿ ನೋಡಿ. ಎಲ್ಲಿ ಹೊಸದಾಗಿ ಆಯಿಲಿನ ಜಿಡ್ಡು ಕುಳಿತಿದೆಯೋ ಅಲ್ಲೇ ಸೋರಿಕೆ. ಕೆಳಬದಿಯನ್ನು ಬೆರಳಿನಿಂದ ಸವರಿ ನೋಡುವುದನ್ನು ಮರೆಯಬೇಡಿ, ಸೀಳು ಬಹಳ ಸಲ ಅಲ್ಲಿಯೇ ಅಡಗಿರುತ್ತದೆ.

ಹೋಸು ಸರಿಯಿದ್ದರೆ ಇಜಿಆರ್ ವಾಲ್ವ್, ಅಂದರೆ ಉರಿದ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೆ ಬಿಡುವ ವಾಲ್ವನ್ನು ಬಿಚ್ಚಿಸಿ. ಇಷ್ಟು ಓಡಿದ ಗಾಡಿಯಲ್ಲಿ ಅದು ಮಸಿ ಕಟ್ಟಿ ಅರ್ಧ ತೆರೆದೇ ನಿಂತುಬಿಡಬಹುದು. ಆಗ ಉರಿದ ಹೊಗೆಯೇ ಮತ್ತೆ ಒಳಗೆ ಹೋಗಿ ಒಳ್ಳೆಯ ಗಾಳಿಯ ಜಾಗವನ್ನು ತಿನ್ನುತ್ತದೆ. ಮಸಿ ತೆಗೆದು ತೊಳೆದರೆ ಹಲವು ಸಲ ಅಷ್ಟೇ ಸಾಕಾಗುತ್ತದೆ. ಟರ್ಬೊ ಬದಲಿಸಬೇಕೆಂದು ಯಾರಾದರೂ ಹೇಳಿದರೆ, ತಣ್ಣಗಾದ ಇಂಜಿನ್ನಿನಲ್ಲಿ ಗಾಳಿ ಒಳಹೋಗುವ ಪೈಪ್ ಕಳಚಿ, ಅದರ ಶಾಫ್ಟನ್ನು ನಿಮ್ಮ ಕೈಯಿಂದಲೇ ಅಲುಗಾಡಿಸಿ ನೋಡಿ. ಅಕ್ಕಪಕ್ಕಕ್ಕೆ ಕೊಂಚ ಆಡುವುದು ಸಹಜ. ಹಿಂದೆ ಮುಂದೆ ಜರುಗಿದರೆ ಅಥವಾ ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ ಅವರ ಮಾತು ನಿಜ.

ಸ್ಕ್ಯಾನರ್ ಹಾಕಿಸುವಾಗ ಎರರ್ ಕೋಡ್ ಓದಿ ಅಳಿಸಿದರೆ ಸಾಲದು. ಗಾಡಿ ಏರು ಹತ್ತುತ್ತಿರುವಾಗ ಪಕ್ಕದಲ್ಲೊಬ್ಬರು ಕುಳಿತು, ಇಸಿಯು (ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಕೇಳುತ್ತಿರುವ ಬೂಸ್ಟ್, ಅಂದರೆ ಟರ್ಬೊ ಗಾಳಿಯ ಒತ್ತಡ ಎಷ್ಟು, ನಿಜವಾಗಿ ಸಿಗುತ್ತಿರುವುದು ಎಷ್ಟು ಎಂಬ ಎರಡನ್ನೂ ಬರೆದುಕೊಳ್ಳಬೇಕು. ಎರಡರ ನಡುವೆ ದೊಡ್ಡ ಅಂತರವಿದ್ದರೆ ತೊಂದರೆ ಗಾಳಿಯ ಕಡೆಗೇ ಇದೆ. ಎರಡೂ ಹೊಂದಿಕೊಂಡಿದ್ದೂ ಹೊಗೆ ಬಂದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಪರೀಕ್ಷೆಗೆ ಕಳುಹಿಸಿ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಂಡಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಿಮ್ಮ ಗಾಡಿಯಲ್ಲಿ ಅದು ಇಲ್ಲವೇ ಇಲ್ಲ.

ಇನ್ನೊಂದು ಮಾತು. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದು ತಿಳಿಯಿರಿ. ಅದು ಬೇರೆಯೇ ಖರ್ಚು, ಇಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಇಷ್ಟನ್ನು ನೋಡುವವರೆಗೆ ಚಿಕ್ಕಮ್ಮನನ್ನು ಕೂರಿಸಿಕೊಂಡು ಘಾಟಿ ಹತ್ತಬೇಡಿ, ಓವರ್‌ಟೇಕ್ ಮಾಡುವಾಗ ಎಳೆತ ಕೈಕೊಟ್ಟರೆ ಅಪಾಯ. ಹೋಸಿನ ಫೋಟೊವನ್ನೂ ಬೂಸ್ಟಿನ ಆ ಎರಡು ಅಂಕಿಗಳನ್ನೂ ಇಲ್ಲಿಯೇ ಹಾಕಿ. ಅವನ್ನು ನೋಡಿದ ಮೇಲೆ ಗ್ಯಾರೇಜಿನವರ ಜೊತೆ ನಾನೇ ಫೋನಿನಲ್ಲಿ ಮಾತನಾಡುತ್ತೇನೆ.